ಲೆಕ್ಕಕ್ಕೆ ಸಿಗದ ಟ್ಯಾಕಲ್: 2017ರಲ್ಲಿ ರಿಚ್ಮಂಡ್ ಗೆದ್ದಿದ್ದು ಹೇಗೆ

2017ರ ಸೆಪ್ಟೆಂಬರ್ 30, ಶನಿವಾರ ಮಧ್ಯಾಹ್ನ. ಮೆಲ್ಬರ್ನ್‌ನ ಎಂಸಿಜಿ ಮೈದಾನದಲ್ಲಿ 1,00,021 ಜನ. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಕಪ್ ಯಾರಿಗೆ ಅಂತ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್‌ನ ಮೊದಲ ಕ್ವಾರ್ಟರ್ ಮುಗಿದಾಗ ಅಡಿಲೇಡ್ 26, ರಿಚ್ಮಂಡ್ 15. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಸ್ಕೋರ್ ಮಾಡಿದ್ದ ತಂಡ ಅಡಿಲೇಡ್, ಪಟ್ಟಿಯಲ್ಲೂ ಅವರದ್ದೇ ಮೊದಲ ಸ್ಥಾನ. ಅವರು ಒಮ್ಮೆ ಓಡಲು ಶುರು ಮಾಡಿದರೆ ಹಿಡಿಯುವವರಿಲ್ಲ ಅನ್ನುವ ಮಾತು ಊರೆಲ್ಲಾ ಇತ್ತು. ಆದರೆ ಆಮೇಲಿನ ಮೂರು ಕ್ವಾರ್ಟರ್‌ಗಳಲ್ಲಿ ರಿಚ್ಮಂಡ್ 93 ಪಾಯಿಂಟ್ ಗಳಿಸಿತು, ಅಡಿಲೇಡ್ ಬರೀ 34. ಕೊನೆಗೆ 108–60. ರಿಚ್ಮಂಡ್‌ಗೆ 37 ವರ್ಷಗಳ ನಂತರ ಕಪ್ ಸಿಕ್ಕಿತು.

ಆ ಪಂದ್ಯವನ್ನು ನಾನು ಮೆಲ್ಬರ್ನ್‌ನ ನಮ್ಮ ಮನೆಯಲ್ಲಿ ಟಿವಿಯಲ್ಲಿ ನೋಡಿದೆ. ಆಮೇಲೆ ರೆಕಾರ್ಡಿಂಗ್ ಹಾಕಿಕೊಂಡು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಪ್ರಶ್ನೆ. ಅಷ್ಟು ಚೆನ್ನಾಗಿ ಆಡುತ್ತಿದ್ದ ಅಡಿಲೇಡ್ ಇದ್ದಕ್ಕಿದ್ದಂತೆ ಚೆಂಡು ಒದೆಯುವುದನ್ನೇ ಮರೆತುಬಿಟ್ಟಿತಾ? ಇಲ್ಲ. ಒದೆಯಲು ಬೇಕಾದ ಆ ಅರ್ಧ ಸೆಕೆಂಡನ್ನು ರಿಚ್ಮಂಡ್ ಅವರಿಂದ ಕಿತ್ತುಕೊಂಡಿತು. ಕಿತ್ತುಕೊಂಡಿದ್ದು ಹೇಗೆ ಅನ್ನುವುದೇ ಈ ಪ್ರಕರಣ.

ಫುಟಿ ಅಂತ ಕರೆಯುವ ಈ ಆಟ ನೋಡದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ದೊಡ್ಡ ಕ್ರಿಕೆಟ್ ಮೈದಾನ, ಒಂದೊಂದು ಕಡೆ 18 ಜನ, ಮೊಟ್ಟೆಯಾಕಾರದ ಚೆಂಡು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದ ಕಂಬಗಳ ನಡುವೆ ಹೋದರೆ 1. ಆಫ್‌ಸೈಡ್ ಇಲ್ಲ, ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಚೆಂಡನ್ನು ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎಸೆಯುವ ಹಾಗಿಲ್ಲ. 15 ಮೀಟರ್‌ಗಿಂತ ಕಡಿಮೆಯಿಲ್ಲದ ಒದೆತವನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಅದು ಮಾರ್ಕ್. ಹಿಡಿದವನನ್ನು ಆಗ ಯಾರೂ ಮುಟ್ಟುವಂತಿಲ್ಲ, ಆರಾಮಾಗಿ ಒದೆಯಬಹುದು.

ಇನ್ನು ಟ್ಯಾಕಲ್. ಚೆಂಡು ಕೈಯಲ್ಲಿರುವವನನ್ನು ಭುಜದಿಂದ ಕೆಳಗೆ, ಮೊಣಕಾಲಿನಿಂದ ಮೇಲೆ ಹಿಡಿಯಬಹುದು. ಕುತ್ತಿಗೆಗೆ ಕೈ ಹಾಕುವಂತಿಲ್ಲ, ಬೆನ್ನಿಗೆ ತಳ್ಳುವಂತಿಲ್ಲ, ಕಾಲು ಕೊಟ್ಟು ಬೀಳಿಸುವಂತಿಲ್ಲ. ಸಿಕ್ಕಿಬಿದ್ದವನಿಗೆ ಅದಕ್ಕೂ ಮೊದಲೇ ಚೆಂಡು ಬಿಡಲು ಅವಕಾಶವಿದ್ದರೆ, ಅವನು ಆ ಕ್ಷಣವೇ ಸರಿಯಾಗಿ ಒದೆಯಬೇಕು ಅಥವಾ ಗುದ್ದಬೇಕು. ಆಗಲಿಲ್ಲವೋ, "ಹೋಲ್ಡಿಂಗ್ ದ ಬಾಲ್", ಫ್ರೀ ಕಿಕ್ ಎದುರಾಳಿಗೆ. ಅವಕಾಶವೇ ಇರಲಿಲ್ಲ, ಬಿಡಲು ಪ್ರಯತ್ನ ಮಾಡಿದ ಅಂದರೆ ಅಂಪೈರ್ ಚೆಂಡನ್ನು ಮೇಲಕ್ಕೆ ಎಸೆದು ಆಟ ಮತ್ತೆ ಶುರು ಮಾಡುತ್ತಾರೆ. ಎಂಸಿಜಿಯಲ್ಲಿ ಕೂತಾಗ ಯಾರಾದರೂ ಟ್ಯಾಕಲ್‌ಗೆ ಸಿಕ್ಕರೆ ಸಾಕು, ಇಡೀ ಸ್ಟ್ಯಾಂಡ್ ಒಂದೇ ಉಸಿರಿನಲ್ಲಿ "ಬಾ...ಲ್" ಅಂತ ಕೂಗುತ್ತದೆ. ಗೋಲ್‌ಗೂ ಅಷ್ಟು ಒಗ್ಗಟ್ಟಿನ ಕೂಗು ಬರುವುದಿಲ್ಲ.

ಕಬಡ್ಡಿ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ರೈಡರ್ ಅಂಕಣಕ್ಕೆ ಬಂದಾಗ ಹಿಡಿಯುವವನು ಒಬ್ಬನೇ ಆದರೂ ಆ ಹಿಡಿತ ತಯಾರಾಗುವುದು ಏಳೂ ಜನರಿಂದ. ಕೈ ಕೈ ಹಿಡಿದು ನಿಂತವರು ಒಂದು ಹೆಜ್ಜೆ ಮುಂದೆ ಬಂದರೆ ರೈಡರ್ ಒಂದು ಹೆಜ್ಜೆ ಮೂಲೆಗೆ ಸರಿಯುತ್ತಾನೆ. ಆ ಮೂಲೆಯಲ್ಲಿ ಕಾದಿದ್ದವನು ಕಾಲಿಗೆ ಕೈ ಹಾಕುತ್ತಾನೆ. ಚಪ್ಪಾಳೆ ಅವನಿಗೆ. ಸರಪಳಿಯಲ್ಲಿ ನಿಂತವರ ಹೆಸರು ಯಾರಿಗೂ ಬೇಡ. ಫುಟಿಯಲ್ಲೂ ಅಷ್ಟೇ, ಮೈದಾನ ಮಾತ್ರ ನೂರಕ್ಕೂ ಹೆಚ್ಚು ಪಟ್ಟು ದೊಡ್ಡದು.

ಈ ಸರಪಳಿ ಕೆಲಸವನ್ನೂ ಎಎಫ್‌ಎಲ್‌ನಲ್ಲಿ ಅಳೆಯುತ್ತಾರೆ. ಚಾಂಪಿಯನ್ ಡೇಟಾ ಎಂಬ ಸಂಸ್ಥೆ ಅಧಿಕೃತ ಅಂಕಿಅಂಶ ಇಡುತ್ತದೆ. ಅವರ ಲೆಕ್ಕದಲ್ಲಿ ಒತ್ತಡಕ್ಕೆ ನಾಲ್ಕು ಮಟ್ಟ. ದಾರಿಗೆ ಅಡ್ಡ ನಿಂತು ಕಾಯುವುದಕ್ಕೆ 1.2, ಬೆನ್ನಟ್ಟುವುದಕ್ಕೆ 1.5, ಮೈಮೇಲೆ ನುಗ್ಗಿ ಬರುವುದಕ್ಕೆ 2.25, ನೇರವಾಗಿ ಮೈಗೆ ಮೈ ತಾಗಿಸುವುದಕ್ಕೆ 3.75. ಗಮನಿಸಿ, ಇದರಲ್ಲಿ ಮೂರಕ್ಕೆ ಎದುರಾಳಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ಹಿಂದಿನಿಂದ ಬರುವ ಹೆಜ್ಜೆ ಸದ್ದು ಕೇಳಿಸಿದರೆ ಸಾಕು, ಒದೆಯುವವನ ತಲೆ ಒಮ್ಮೆ ತಿರುಗುತ್ತದೆ, ಚೆಂಡು ಪಾದದ ಮೇಲೆ ಬೀಳುವ ಜಾಗ ಒಂದಿಂಚು ತಪ್ಪುತ್ತದೆ, 40 ಮೀಟರ್ ಆಚೆ ಆ ಒಂದಿಂಚು ಐದು ಮೀಟರ್ ಆಗಿರುತ್ತದೆ.

ಈಗ ರಿಚ್ಮಂಡ್. 2013, 2014, 2015, ಮೂರು ವರ್ಷವೂ ಫೈನಲ್ಸ್‌ಗೆ, ಅಂದರೆ ಲೀಗ್ ಸುತ್ತುಗಳ ನಂತರದ ಕೊನೆಯ ಹಂತಕ್ಕೆ, ಬಂದು ಮೊದಲ ಪಂದ್ಯದಲ್ಲೇ ಸೋತು ಹೊರಗೆ. 2016ರಲ್ಲಿ ಅದೂ ಇಲ್ಲ. 8 ಗೆಲುವು, 14 ಸೋಲು, 13ನೇ ಸ್ಥಾನ. ಆ ವರ್ಷದ ಕೊನೆಯ ಪಂದ್ಯದಲ್ಲಿ ಸಿಡ್ನಿ ಕೈಯಲ್ಲಿ 113 ಪಾಯಿಂಟ್‌ಗಳ ಸೋಲು. 2010ರಿಂದ ಕೋಚ್ ಆಗಿದ್ದ ಡೇಮಿಯನ್ ಹಾರ್ಡ್‌ವಿಕ್ ಅವರನ್ನು ಕಳಿಸಿ ಅನ್ನುವ ಕೂಗು ಎದ್ದಿತು. ಕ್ಲಬ್‌ನ ಆಡಳಿತವನ್ನೇ ಬದಲಿಸಲು ಒಂದು ಗುಂಪು ಹೊರಟಿತ್ತು. ಅಧ್ಯಕ್ಷೆ ಪೆಗ್ಗಿ ಓನೀಲ್, ಸಿಇಒ ಬ್ರೆಂಡನ್ ಗೇಲ್ ಇಬ್ಬರೂ ಕೋಚ್ ಬೆನ್ನಿಗೆ ನಿಂತರು. ಅನುಭವಿ ನೀಲ್ ಬಾಮ್ ಫುಟಿ ವಿಭಾಗದ ಮುಖ್ಯಸ್ಥರಾಗಿ ಬಂದರು. ಬ್ಲೇಕ್ ಕ್ಯಾರಸೆಲ್ಲಾ, ಜಸ್ಟಿನ್ ಲೆಪಿಚ್ ಸಹಾಯಕ ಕೋಚ್‌ಗಳಾಗಿ ಸೇರಿದರು.

ತಂಡದಲ್ಲಿ ಆದ ದೊಡ್ಡ ಬದಲಾವಣೆ ಮುಂದಿನ ಸಾಲಿನದ್ದು. ಎತ್ತರದ ಫಾರ್ವರ್ಡ್ ಟೈರೋನ್ ವಿಕರಿ 2016ರ ಕೊನೆಗೆ ಹಾಥಾರ್ನ್ ತಂಡಕ್ಕೆ ಹೋದರು. ಸಾಮಾನ್ಯವಾಗಿ ಒಬ್ಬ ಎತ್ತರದವನು ಹೋದರೆ ಇನ್ನೊಬ್ಬನನ್ನು ಹುಡುಕುತ್ತಾರೆ, ಏಕೆಂದರೆ ಗೋಲ್ ಮುಂದೆ ಮಾರ್ಕ್ ಹಿಡಿಯಲು ಎತ್ತರ ಬೇಕು. ರಿಚ್ಮಂಡ್ 2017ರಲ್ಲಿ ಜಾಕ್ ರೀವೋಲ್ಟ್ ಒಬ್ಬರನ್ನೇ ಎತ್ತರದವರಾಗಿ ನಿಲ್ಲಿಸಿತು. ಅವರ ಸುತ್ತ ಡೇನಿಯಲ್ ರಿಯೋಲಿ, ಡ್ಯಾನ್ ಬಟ್ಲರ್, ಜೇಸನ್ ಕಾಸ್ಟಾನ್ಯಾ. ಎಲ್ಲರೂ ಚಿಕ್ಕ ಆಳುಗಳು, ಎಳೆಯರು, ಓಡಿ ಸುಸ್ತಾಗದವರು. ಬಟ್ಲರ್‌ಗೆ ಅದು ಎಎಫ್‌ಎಲ್‌ನಲ್ಲಿ ಮೊದಲ ವರ್ಷ. ರೀವೋಲ್ಟ್ ಕೆಲಸವೂ ಬದಲಾಯಿತು. ಮೂರು ಜನ ಡಿಫೆಂಡರ್‌ಗಳು ಮೇಲೆ ಬಿದ್ದರೂ ಪರವಾಗಿಲ್ಲ, ಮಾರ್ಕ್ ಸಿಗದಿದ್ದರೂ ಪರವಾಗಿಲ್ಲ, ಚೆಂಡು ನೆಲಕ್ಕೆ ಬಿದ್ದರೆ ಸಾಕು. ಬಿದ್ದ ಚೆಂಡಿನ ಸುತ್ತ ಈ ಹುಡುಗರು ಜೇನುಹುಳದ ಹಾಗೆ ಮುತ್ತುತ್ತಿದ್ದರು. ಸಿಕ್ಕರೆ ಗೋಲ್. ಸಿಗಲಿಲ್ಲ ಅಂದರೆ, ಎತ್ತಿಕೊಂಡ ಡಿಫೆಂಡರ್‌ಗೆ ತಲೆ ಎತ್ತಿ ನೋಡಲು ಬಿಡಬಾರದು, ಅದೇ ಅವರ ನಿಜವಾದ ಕೆಲಸ.

ಇಲ್ಲೇ ಈ ಆಟದ ಬಗ್ಗೆ ನನಗೆ ತಡವಾಗಿ ಅರ್ಥವಾದ ಸಂಗತಿ ಇರುವುದು. ಅಲೆಕ್ಸ್ ರಾನ್ಸ್, ಡೇವಿಡ್ ಆಸ್ಟ್‌ಬರಿ, ಡಿಲನ್ ಗ್ರೈಮ್ಸ್, ನಿಕ್ ವ್ಲಾಸ್ಟುಯಿನ್ ಇವರೆಲ್ಲ ರಿಚ್ಮಂಡ್‌ನ ಹಿಂದಿನ ಸಾಲಿನವರು. ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ಕಸಿದುಕೊಳ್ಳುವುದರಲ್ಲಿ ರಾನ್ಸ್‌ಗೆ ಸಾಟಿಯಿರಲಿಲ್ಲ. ಟಿವಿಯಲ್ಲಿ ನೋಡಿದಾಗ "ಎಷ್ಟು ಚೆನ್ನಾಗಿ ಊಹಿಸಿದ!" ಅನಿಸುತ್ತದೆ. ಆದರೆ ಅವರ ಹತ್ತಿರ ಬರುತ್ತಿದ್ದ ಚೆಂಡು ಎಂಥದ್ದು ನೋಡಿ. 100 ಮೀಟರ್ ಆಚೆ ಬಟ್ಲರ್ ಅಥವಾ ಕಾಸ್ಟಾನ್ಯಾ ಬೆನ್ನುಹತ್ತಿದ್ದಕ್ಕೆ ಒಬ್ಬ ಗಡಿಬಿಡಿಯಲ್ಲಿ ಗುದ್ದಿದ, ಅದನ್ನು ಪಡೆದವನು ಇನ್ನೂ ಗಡಿಬಿಡಿಯಲ್ಲಿ ಎತ್ತರಕ್ಕೆ ಒದ್ದ, ಆ ಚೆಂಡು ತೇಲಾಡುತ್ತಾ ರಾನ್ಸ್ ಎದೆಗೆ ಬಂದು ಬಿತ್ತು. ಟ್ಯಾಕಲ್ ಲೆಕ್ಕದಲ್ಲಿ ಬಟ್ಲರ್‌ಗೆ ಸೊನ್ನೆ. ಆದರೂ ಆ ಚೆಂಡು ಗೆದ್ದವನು ಅವನೇ ಅಲ್ವಾ?

ಇದು ಮೊದಲ ದಿನದಿಂದಲೇ ಸಲೀಸಾಗಿ ನಡೆಯಿತು ಅಂತಲ್ಲ. ಆರನೇ ಸುತ್ತಿನಲ್ಲಿ ಅಡಿಲೇಡ್ ಓವಲ್‌ನಲ್ಲಿ ಇದೇ ಎರಡು ತಂಡಗಳು ಎದುರಾದವು. ಎರಡೂ ಅಲ್ಲಿವರೆಗೆ ಐದಕ್ಕೆ ಐದು ಗೆದ್ದಿದ್ದವು. ಆ ದಿನ ಅಡಿಲೇಡ್ 140, ರಿಚ್ಮಂಡ್ 64. 76 ಪಾಯಿಂಟ್‌ಗಳ ಸೋಲು. ಅದರ ಬೆನ್ನಿಗೇ ವೆಸ್ಟರ್ನ್ ಬುಲ್‌ಡಾಗ್ಸ್ ವಿರುದ್ಧ 5, ಫ್ರೀಮ್ಯಾಂಟಲ್ ವಿರುದ್ಧ 2, ಜಿಡಬ್ಲ್ಯೂಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ವಿರುದ್ಧ 3 ಪಾಯಿಂಟ್‌ಗಳಿಂದ ಸೋತರು. 16ನೇ ಸುತ್ತಿನಲ್ಲಿ ಸೇಂಟ್ ಕಿಲ್ಡಾ 67 ಪಾಯಿಂಟ್‌ಗಳಿಂದ ಬಡಿಯಿತು. ಇಷ್ಟು ಏಟು ತಿಂದರೂ ಚಿಕ್ಕವರ ಸಾಲನ್ನು ಅವರು ಒಡೆಯಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಇದೇ. ಒತ್ತಡದ ಆಟಕ್ಕೆ 18 ಜನರೂ ಒಪ್ಪಬೇಕು, ಒಬ್ಬ ಓಡದೆ ನಿಂತರೂ ಅಲ್ಲೊಂದು ಬಾಗಿಲು ತೆರೆಯುತ್ತದೆ. ಅಂಥ ಒಪ್ಪಿಗೆ ಒಂದೆರಡು ವಾರದಲ್ಲಿ ಬರುವುದಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಆ ಬಾಗಿಲುಗಳು ಮುಚ್ಚಿದ್ದವು. ಮೂರನೇ ಸ್ಥಾನದಲ್ಲಿ ಮುಗಿಸಿದ ರಿಚ್ಮಂಡ್ ಮೊದಲ ಫೈನಲ್‌ನಲ್ಲಿ ಗೀಲಾಂಗ್ ತಂಡವನ್ನು 91–40ರಿಂದ ಸೋಲಿಸಿತು. 2001ರ ನಂತರ ಫೈನಲ್ಸ್‌ನಲ್ಲಿ ಅವರಿಗೆ ಸಿಕ್ಕ ಮೊದಲ ಗೆಲುವು. ಆಮೇಲೆ ಜಿಡಬ್ಲ್ಯೂಎಸ್ ವಿರುದ್ಧ 103–67, ಅದರಲ್ಲಿ ರಿಯೋಲಿ ಒಬ್ಬರೇ 4 ಗೋಲ್.

ಹೀಗೆ ಬಂತು ಗ್ರ್ಯಾಂಡ್ ಫೈನಲ್. ಆ ವರ್ಷದ ಫೈನಲ್ಸ್‌ನಲ್ಲಿ ರಾಷ್ಟ್ರಗೀತೆ ಹಾಡುವಾಗ ಅಡಿಲೇಡ್ ಆಟಗಾರರು ಸಾಲಾಗಿ ಕಾಲು ಅಗಲಿಸಿ ನಿಂತು ಎದುರಾಳಿಯನ್ನು ದುರುಗುಟ್ಟಿ ನೋಡುತ್ತಿದ್ದರು. ಆ ದಿನವೂ ಹಾಗೇ ನಿಂತರು. ಮೊದಲ ಕ್ವಾರ್ಟರ್‌ನಲ್ಲಿ ಅವರ ಆಟವೂ ಹಾಗೇ ಇತ್ತು, 4 ಗೋಲ್. ಹಿಂದಿನಿಂದ ರೋರಿ ಲೇರ್ಡ್ ತರಹದವರು ಚೆಂಡು ತೆಗೆದುಕೊಂಡು, ಮೈದಾನದ ನಡುವೆ ಟಾಮ್ ಲಿಂಚ್‌ಗೆ ಕೊಟ್ಟು, ಅಲ್ಲಿಂದ ಟೇಲರ್ ವಾಕರ್, ಎಡ್ಡಿ ಬೆಟ್ಸ್ ಕಡೆಗೆ ಸರಸರ ಸಾಗಿಸುವುದು ಅವರ ಬಲ. ಮೂರು ನಾಲ್ಕು ಒದೆತದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿ. ಈ ಆಟಕ್ಕೆ ಬೇಕಾದ್ದು ಒಂದೇ, ಮೊದಲ ಒದೆತ ನೆಟ್ಟಗಿರಬೇಕು.

ಎರಡನೇ ಕ್ವಾರ್ಟರ್ ಶುರುವಾದಾಗ ನನ್ನ ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಆಗ ಅವಳಿಗೆ ಹತ್ತು ವರ್ಷ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಅಪ್ಪಾ, ಅವನು ಚೆಂಡೇ ಮುಟ್ಟಲಿಲ್ಲ, ಜನ ಯಾಕೆ ಇಷ್ಟು ಕೂಗ್ತಿದ್ದಾರೆ?" ಪರದೆ ನೋಡಿದೆ. ರಿಚ್ಮಂಡ್‌ನ ಹಳದಿ ಪಟ್ಟಿಯ ಹುಡುಗನೊಬ್ಬ ಒಬ್ಬನ ಹಿಂದೆ ಓಡಿದ, ಚೆಂಡು ಇನ್ನೊಬ್ಬನಿಗೆ ಹೋಯಿತು, ಅವನ ಹಿಂದೆ ಓಡಿದ, ಚೆಂಡು ಮೂರನೆಯವನಿಗೆ ಹೋಯಿತು, ಅಲ್ಲಿಗೂ ಓಡಿದ. ಮೂರನೆಯವನು ಬೇರೆ ದಾರಿ ಕಾಣದೆ ಚೆಂಡನ್ನು ಬೌಂಡರಿ ಗೆರೆಯ ಕಡೆಗೆ ಸುಮ್ನೆ ಒದ್ದುಬಿಟ್ಟ. ಆ ಓಟದ ಹುಡುಗ ಮಂಡಿ ಮೇಲೆ ಕೈಯಿಟ್ಟು ಬಾಗಿ ನಿಂತ. ಸ್ಟ್ಯಾಂಡಿನಲ್ಲಿ ಜನ ಎದ್ದು ನಿಂತಿದ್ದರು. "ಅವನು ಮುಟ್ಟಲಿಲ್ಲ ಪುಟ್ಟಿ, ಆದ್ರೆ ಅವರಿಗೂ ಮುಟ್ಟೋಕೆ ಬಿಡಲಿಲ್ಲ" ಅಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನಗಂತೂ ಆ ಕ್ಷಣದಲ್ಲೇ ಈ ಆಟ ಬೇರೆ ಥರ ಕಾಣಿಸತೊಡಗಿತು.

ಆ ಕ್ವಾರ್ಟರ್‌ನಲ್ಲಿ ಅಡಿಲೇಡ್‌ಗೆ ಒಂದೇ ಒಂದು ಗೋಲ್ ಬರಲಿಲ್ಲ. ರಿಚ್ಮಂಡ್‌ಗೆ ನಾಲ್ಕು ಬಂತು. ಅರ್ಧ ಆಟಕ್ಕೆ ರಿಚ್ಮಂಡ್ 9 ಪಾಯಿಂಟ್ ಮುಂದೆ. ಅಂತರ ದೊಡ್ಡದಲ್ಲ, ಆದರೆ ಲೇರ್ಡ್ ಮತ್ತು ಜೊತೆಗಾರರ ಒದೆತ ನೋಡಿದರೆ ಪಂದ್ಯ ಯಾವ ಕಡೆ ವಾಲುತ್ತಿದೆ ಅಂತ ಗೊತ್ತಾಗುತ್ತಿತ್ತು. ನಡುವಿನ ದಾರಿ ಬಿಟ್ಟು ಗೆರೆಯ ಪಕ್ಕಕ್ಕೆ ಒದೆಯತೊಡಗಿದ್ದರು. ಉದ್ದಕ್ಕೆ, ಎತ್ತರಕ್ಕೆ. ಅಂಥ ಚೆಂಡಿಗೆ ರಾನ್ಸ್, ಆಸ್ಟ್‌ಬರಿ ಕಾಯುತ್ತಾ ನಿಂತಿದ್ದರು. ಅಲ್ಲಿ ಕಸಿದ ಚೆಂಡು ಬಶರ್ ಹೂಲಿ ಕೈಗೆ ಬರುತ್ತಿತ್ತು, ಅವರು ಓಡಿಕೊಂಡು ಮತ್ತೆ ಮುಂದಕ್ಕೆ ಕಳಿಸುತ್ತಿದ್ದರು. ಆ ದಿನ ಹೂಲಿ 25 ಸಲ ಚೆಂಡು ಸಾಗಿಸಿದರು.

ಇಬ್ಬರ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಜಾಕ್ ಗ್ರಹಾಂ, 19ರ ಹುಡುಗ, ಅದು ಅವನ ಐದನೇ ಎಎಫ್‌ಎಲ್ ಪಂದ್ಯ. ಅವನಿಗೆ ಕೊಟ್ಟ ಕೆಲಸ ಅಡಿಲೇಡ್‌ನ ರೋರಿ ಸ್ಲೋನ್ ಜೊತೆ ನಿಲ್ಲುವುದು. ಸ್ಲೋನ್ ಅಂದರೆ ಆ ತಂಡದ ಎಂಜಿನ್, ಟ್ಯಾಕಲ್‌ನಲ್ಲೂ ಹೆಸರು ಮಾಡಿದವರು. ಗ್ರಹಾಂ ಆ ಕೆಲಸವನ್ನೂ ಮಾಡಿದ, ಮೇಲಿಂದ 3 ಗೋಲ್ ಹೊಡೆದ. ಇನ್ನೊಬ್ಬರು ಜೇಕಬ್ ಟೌನ್ಸೆಂಡ್. ವರ್ಷದ ಬಹುಪಾಲು ಕೆಳಗಿನ ಹಂತದ ವಿಎಫ್‌ಎಲ್‌ನಲ್ಲಿ ಆಡಿ, 22ನೇ ಸುತ್ತಿಗೆ ಮೇಲಿನ ತಂಡಕ್ಕೆ ಬಂದವರು, ಆ ವರ್ಷ ವಿಎಫ್‌ಎಲ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿಯೂ ಅವರಿಗೇ. ಮೂಲತಃ ಅವರು ಫಾರ್ವರ್ಡ್ ಅಲ್ಲ, ಎದುರಾಳಿಯನ್ನು ಕಟ್ಟಿಹಾಕುವ ಗಟ್ಟಿ ಮೈಯ ಮಿಡ್‌ಫೀಲ್ಡರ್. ಅಂಥವರನ್ನು ಗೋಲ್ ಮುಂದೆ ನಿಲ್ಲಿಸಿದರು ಅನ್ನುವುದರಲ್ಲೇ ರಿಚ್ಮಂಡ್‌ನ ಯೋಚನೆ ಏನಿತ್ತು ಅಂತ ಗೊತ್ತಾಗುತ್ತದೆ. ಗ್ರ್ಯಾಂಡ್ ಫೈನಲ್‌ನಲ್ಲಿ ಅವರದ್ದು 2 ಗೋಲ್.

ಇದಕ್ಕೆ ಒಂದು ಎದುರು ಮಾತಿದೆ, ಅದು ಸುಳ್ಳೂ ಅಲ್ಲ. ಡಸ್ಟಿನ್ ಮಾರ್ಟಿನ್ ಇದ್ದರಲ್ಲ! ಆ ವರ್ಷ 36 ವೋಟು ಪಡೆದು, ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಗೆದ್ದರು, ಗ್ರ್ಯಾಂಡ್ ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕವೂ ಅವರಿಗೇ. ಒಂದೇ ವರ್ಷದಲ್ಲಿ ಆ ಎರಡು ಪದಕ ಮತ್ತು ಕಪ್, ಮೂರನ್ನೂ ಪಡೆದ ಮೊದಲ ಆಟಗಾರ. ತನ್ನನ್ನು ಟ್ಯಾಕಲ್ ಮಾಡಲು ಬಂದವರನ್ನು ಅವರು ಒಂದು ಕೈಯಿಂದ ದೂರ ತಳ್ಳಿ ಓಡುವುದು ನೋಡಲು ಹಬ್ಬ. ಆದರೆ ಮಾರ್ಟಿನ್ 2016ರಲ್ಲೂ ರಿಚ್ಮಂಡ್‌ನಲ್ಲೇ ಇದ್ದರು, ಆಗಲೂ ಒಳ್ಳೆಯ ಆಟಗಾರನೇ. ರಾನ್ಸ್, ರೀವೋಲ್ಟ್, ನಾಯಕ ಟ್ರೆಂಟ್ ಕಾಚಿನ್ ಎಲ್ಲರೂ ಇದ್ದರು. ತಂಡ 13ನೇ ಸ್ಥಾನದಲ್ಲಿತ್ತು. ದೊಡ್ಡ ಆಟಗಾರನಿಗೆ ಒಳ್ಳೆಯ ಜಾಗದಲ್ಲಿ ಪದೇ ಪದೇ ಚೆಂಡು ಸಿಗಬೇಕಾದರೆ ಯಾರೋ ಒಬ್ಬರು ಅದನ್ನು ಅಲ್ಲಿ ಕಸಿದು ಕೊಡಬೇಕು.

ಹಾಗಂತ ಟ್ಯಾಕಲ್ ಸಂಖ್ಯೆ ನೋಡಿ ಗೆಲುವು ಅಳೆಯಲು ಹೋಗಬೇಡಿ. ಈ ತಪ್ಪು ನಾನೂ ಮಾಡಿದ್ದೇನೆ. ಟ್ಯಾಕಲ್ ಜಾಸ್ತಿ ಇದೆ ಅಂದರೆ ಎಷ್ಟೋ ಸಲ ಚೆಂಡು ಹೆಚ್ಚು ಹೊತ್ತು ಎದುರಾಳಿ ಕೈಯಲ್ಲಿತ್ತು ಅಂತ ಅರ್ಥ. ಎಲ್ಲಿ ಹಿಡಿದರು ಅನ್ನುವುದು ಮುಖ್ಯ. ನಮ್ಮ ಗೋಲ್ ಹತ್ತಿರ ಹಿಡಿದರೆ ಒಂದು ಅಪಾಯ ತಪ್ಪುತ್ತದೆ. ಅವರ ಗೋಲ್‌ನ 50 ಮೀಟರ್ ಗೆರೆಯೊಳಗೆ ಹಿಡಿದು ಹೋಲ್ಡಿಂಗ್ ದ ಬಾಲ್ ಸಿಕ್ಕರೆ ನೇರವಾಗಿ ಗೋಲ್‌ಗೇ ಒದೆಯುವ ಅವಕಾಶ. ಹಿಡಿತ ಒಂದೇ, ಬೆಲೆ ಬೇರೆ.

ಹಿಡಿಯುವುದರಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಎರಡೂ ಕೈ ಕಟ್ಟಿಹಾಕಿ ನೆಲಕ್ಕೆ ಕೆಡವಿದರೆ ಬೀಳುವವನಿಗೆ ತಲೆ ಉಳಿಸಿಕೊಳ್ಳಲು ಕೈಯೇ ಇರುವುದಿಲ್ಲ. ಅದೇ 2017ರಲ್ಲಿ ಗೀಲಾಂಗ್‌ನ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್, ಕಾರ್ಲ್ಟನ್‌ನ ಮ್ಯಾಥ್ಯೂ ಕ್ರೂಜರ್‌ಗೆ ಅಂಥ ಟ್ಯಾಕಲ್ ಮಾಡಿ ಒಂದು ಪಂದ್ಯ ಅಮಾನತಾದರು. ಬ್ರೌನ್ಲೋಗೆ ಅರ್ಹತೆಯೂ ಹೋಯಿತು. 33 ವೋಟು ಬಂದರೂ ಲೆಕ್ಕಕ್ಕಿಲ್ಲ. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಅಂತಲೇ ನನಗನಿಸುತ್ತದೆ, ಆದರೂ ಶಿಕ್ಷೆ ಸರಿ. ಆ ನಂತರದ ವರ್ಷಗಳಲ್ಲಿ ಲೀಗ್ ಇನ್ನೂ ಬಿಗಿಯಾಗಿದೆ, ಆಗಲೇಬೇಕು. ನನ್ನ ಮಗಳು ಆಡುವ ಆಟ ಇದು.

ರಿಚ್ಮಂಡ್ ದಾರಿಗೂ ಮದ್ದು ಸಿಕ್ಕಿತು. 2018ರಲ್ಲಿ ಅವರು ಪಟ್ಟಿಯಲ್ಲಿ ಮೊದಲಿಗರು. ಆದರೂ ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಪ್ರಿಲಿಮಿನರಿ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಅವರನ್ನು 39 ಪಾಯಿಂಟ್‌ಗಳಿಂದ ಸೋಲಿಸಿತು. ಬಾಸ್ಕೆಟ್‌ಬಾಲ್ ಬಿಟ್ಟು ಬಂದ ಅಮೆರಿಕದ ಮೇಸನ್ ಕಾಕ್ಸ್ ರಿಚ್ಮಂಡ್ ಡಿಫೆಂಡರ್‌ಗಳ ತಲೆ ಮೇಲಿಂದ ಮಾರ್ಕ್ ಮೇಲೆ ಮಾರ್ಕ್ ಹಿಡಿದರು. ಗಡಿಬಿಡಿಯಲ್ಲಿ ಎತ್ತರಕ್ಕೆ ಒದ್ದ ಚೆಂಡೂ ತನ್ನವನಿಗೇ ಸಿಗುವಂತಾದರೆ ಒತ್ತಡ ಹಾಕಿ ಏನು ಬಂತು? ಆ ಚಳಿಗಾಲ ಮುಗಿದ ಮೇಲೆ ರಿಚ್ಮಂಡ್ ಗೋಲ್ಡ್ ಕೋಸ್ಟ್‌ನಿಂದ ಇನ್ನೊಬ್ಬ ಎತ್ತರದ ಫಾರ್ವರ್ಡ್‌ನನ್ನು ತಂದಿತು. ಅವರ ಹೆಸರೂ ಟಾಮ್ ಲಿಂಚ್, ಅಡಿಲೇಡ್‌ನವರಲ್ಲ, ಬೇರೆಯವರು. ಆದರೆ ಸುತ್ತಲಿನ ಓಟದ ಹುಡುಗರನ್ನು ಬಿಡಲಿಲ್ಲ. 2019ರ ಗ್ರ್ಯಾಂಡ್ ಫೈನಲ್‌ನಲ್ಲಿ ಜಿಡಬ್ಲ್ಯೂಎಸ್ ಇಡೀ ದಿನ ಹೊಡೆದಿದ್ದು 3 ಗೋಲ್. ಸ್ಕೋರ್ 114–25. 2020ರಲ್ಲಿ ಮತ್ತೆ ಕಪ್.

ಮಗಳು ಈಗ ಹುಡುಗಿಯರ ತಂಡದಲ್ಲಿ ಆಡುತ್ತಾಳೆ. ಮೊದಲ ವರ್ಷ ಅವಳಿಗೆ ಟ್ಯಾಕಲ್ ಅಂದರೆ ಹೆದರಿಕೆ. ಕೋಚಮ್ಮ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತು ತೋರಿಸಿಕೊಟ್ಟರು. ಕಣ್ಣು ಚೆಂಡಿನ ಮೇಲಲ್ಲ, ಎದುರಾಳಿ ಹುಡುಗಿಯ ಸೊಂಟದ ಮೇಲೆ. ಮುಖ, ಕೈ ಮೋಸ ಮಾಡಬಹುದು, ಸೊಂಟ ಮಾಡುವುದಿಲ್ಲ. ಹತ್ತಿರ ಹೋದಂತೆ ಹೆಜ್ಜೆ ಚಿಕ್ಕದಾಗಬೇಕು. ತಲೆ ಪಕ್ಕಕ್ಕೆ, ಕೆನ್ನೆ ಅವಳ ಬೆನ್ನ ಪಕ್ಕೆಗೆ ಅಂಟಬೇಕು, ಒಂದು ತೋಳು ಚೆಂಡಿರುವ ಕೈಯನ್ನು ಸುತ್ತಬೇಕು. ಬೀಳುವಾಗ ನೀನು ಪಕ್ಕಕ್ಕೆ ಉರುಳು, ಅವಳ ಬೆನ್ನ ಮೇಲೆ ಬೀಳಬೇಡ.

ಪಂದ್ಯದ ದಿನ ಅಪ್ಪ ಅಮ್ಮಂದಿರಿಗೂ ಏನಾದರೂ ಕೆಲಸ ಹಚ್ಚುತ್ತಾರೆ. ನನಗೆ ಮೊದಲೆಲ್ಲಾ ಟ್ಯಾಕಲ್ ಎಣಿಸುವ ಕೆಲಸ ಇತ್ತು. ಒಂದು ಭಾನುವಾರ ಕೋಚಮ್ಮ ರಟ್ಟಿಗೆ ಹೊಸ ಹಾಳೆ ಸಿಕ್ಕಿಸಿ ಕೊಟ್ಟು, "ಇವತ್ತು ಟ್ಯಾಕಲ್ ಬೇಡ, ಎದುರಿನವರು ನಮ್ಮವರಿಗೆ ಹೆದರಿ ತಲೆ ಎತ್ತದೆ ಒದ್ದಾಗೆಲ್ಲ ಒಂದು ಗೆರೆ ಹಾಕಿ" ಅಂದರು. ಮಳೆ ಹನಿಯುತ್ತಿತ್ತು, ಪೆನ್ಸಿಲ್ ಕಾಗದದ ಮೇಲೆ ಜಾರುತ್ತಿತ್ತು. ಅರ್ಧ ಆಟಕ್ಕೆ ಮಗಳು ಓಡಿ ಬಂದಳು, ಮೊಣಕೈ ತುಂಬಾ ಕೆಸರು. ನೀರು ಕುಡಿಯುವ ಮೊದಲೇ ಹಾಳೆ ಕಡೆ ಬಾಗಿ, "ಅಪ್ಪಾ, ಇದರಲ್ಲಿ ನಂದು ಯಾವುದು?" ಅಂತ ಕೇಳಿದಳು. ತೋರಿಸಿದೆ. ಬೆರಳಿಟ್ಟು ಒಂದೊಂದೇ ಎಣಿಸತೊಡಗಿದಳು.